ತೋಳದ ತಲೆ, ತೋಳದ ಟೊಪ್ಪಿ

ಟೆಲೆಸ್ತಾಸ್ ಕುರಿ ಕಡಿಯುತ್ತಿದ್ದ, ಕಥೆ ಹೇಳುತ್ತಿದ್ದ. ಅರ್ಕೇಡಿಯ ನಾಡಿನ ಬೆಟ್ಟಗಳ ನಡುವಿನ ಓರ್ಥೆ ಎಂಬ ಊರಿನಲ್ಲಿ ಇವೆರಡೂ ಒಬ್ಬನದೇ ಕೆಲಸ. ಅವನ ಮನೆತನಕ್ಕೆ ಏಳು ತಲೆಮಾರಿನಿಂದ ಬಂದದ್ದು. ವರ್ಷಕ್ಕೊಮ್ಮೆ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ವೀರ ಆಲ್ಕೋನನ ಸಮಾಧಿಯ ಮೇಲಿನ ತೂತಿಗೆ ಕರಿಯ ಟಗರಿನ ಕುತ್ತಿಗೆ ಬಗ್ಗಿಸಿ ಹಿಡಿದು ಒಂದೇ ಎಳೆತಕ್ಕೆ ಸೀಳುತ್ತಿದ್ದ. ರಕ್ತ ಮಣ್ಣಿನ ಕೊಳವೆಯಲ್ಲಿ ಗೊಳಗೊಳನೆ ಇಳಿದು ಸತ್ತವನ ಬಾಯಿಗೆ ಸೇರುತ್ತಿತ್ತು. ಟಗರಿನ ಒದೆತ ನಿಲ್ಲುವ ಮೊದಲೇ ಅವನು ಕಥೆ ಶುರುಮಾಡಬೇಕು.

ಕಥೆ ಇಷ್ಟು. ಕುತ್ತಿಗೆಯಿಂದ ಕೆಳಗೆ ಮನುಷ್ಯ, ಮೇಲೆ ತೋಳವಾಗಿದ್ದ ಒಬ್ಬ ಓರ್ಥೆಯ ಏಳು ಮನೆಗಳಿಂದ ಒಬ್ಬೊಬ್ಬರನ್ನು ಎಳೆದೊಯ್ದು ಹಸಿಹಸಿಯಾಗಿ ತಿಂದ. ಆಲ್ಕೋನ್ ಅವನ ಎದೆಯ ಮೇಲೆ ಮಂಡಿಯೂರಿ, ಎರಡೂ ದವಡೆ ಹಿಡಿದು ಕಿವಿಯತನಕ ಹರಿದ. ಇದನ್ನು ಕೇಳಿದ ಮೇಲೆ ಆ ಏಳು ಮನೆಗಳ ಯಜಮಾನರು ಸುಟ್ಟ ಮಾಂಸದ ಪಾಲನ್ನು ಕೈಯಲ್ಲಿ ಪಡೆದು ಅಲ್ಲೇ ತಿನ್ನಬೇಕು. ಪಾಲು ತೆಗೆದುಕೊಂಡರೆ ಹೇಳಿದ್ದು ಸರಿ ಎಂದು ಒಪ್ಪಿದಂತೆ. ಬೇಡವೆಂದವರು ಯಾರ ನೆನಪಿನಲ್ಲೂ ಇರಲಿಲ್ಲ.

ಆ ವರ್ಷ ಹಬ್ಬ ಮುಗಿದ ವಾರಕ್ಕೆ ಸಮುದ್ರದಾಚೆಯ ಪೆರ್ಗಮೊನ್‌ನಿಂದ ಯೂಫ್ರಾನೋರ್ ಎಂಬ ಲೇಖಕ ಬಂದ. ಊರೂರಿನ ಹಳೆಯ ಕಥೆಗಳನ್ನು ಮೇಣದ ಹಲಗೆಯ ಮೇಲೆ ಗೀಚಿಕೊಂಡು, ಅವುಗಳ ಹಿಂದೆ ನಿಜವಾಗಿ ನಡೆದದ್ದೇನು ಎಂದು ಪುಸ್ತಕ ಬರೆಯುವವನು.

“ಮನುಷ್ಯನ ಮೈಮೇಲೆ ತೋಳದ ತಲೆ ಹೇಗೆ ನಿಲ್ಲತ್ತೆ, ಯಜಮಾನ್ರೇ?” ಎಂದು ಸಮಾಧಿಯ ಪಕ್ಕದಲ್ಲಿ ನಿಂತು ಟೆಲೆಸ್ತಾಸನನ್ನು ಕೇಳಿದ.

“ನನ್ನನ್ನ ಕೇಳ್ತೀರಲ್ಲ ಸ್ವಾಮಿ. ಹರಿದೋನು ಆಲ್ಕೋನ್. ಇಲ್ಲೇ ಕೆಳಗೆ ಮಲಗಿದಾನೆ, ಬಗ್ಗಿ ಕೇಳಿ.”

ಯೂಫ್ರಾನೋರ್ ನಕ್ಕ. “ಇವತ್ತು ಇಲ್ಲದ್ದು ಅವತ್ತೂ ಇರಲಿಲ್ಲ. ನಡೆದದ್ದು ಸಾದಾ ಸಂಗತಿ. ಆಮೇಲೆ ಬಂದ ಕವಿಗಳು ಅದಕ್ಕೆ ಕೊಂಬು, ಕೋರೆಹಲ್ಲು ಹಚ್ತಾರೆ. ಈ ಕಡೆ ತೋಳದ ಚರ್ಮ ತೊಡೋರು ಯಾರಾದ್ರೂ ಇದಾರಾ?”

“ಇಲ್ದೆ ಏನು! ಮೇಲಿನ ಲಸಿಯಾ ಹಳ್ಳಿಯವರೆಲ್ಲ ತೋಳದ ಚರ್ಮದ ಟೊಪ್ಪೀನೇ ಹಾಕೋದು. ನನ್ನ ಅಳಿಯ ಸಿಮೋಸ್ ಅಂತೂ ಟೊಪ್ಪಿ ಇಟ್ಕೊಂಡೇ ಮಲಗ್ತಾನೆ. ನನ್ನ ಮಗಳು ತೋಳದ ಜೊತೆ ಸಂಸಾರ ಮಾಡ್ತಾ ಇದಾಳೆ ನೋಡಿ!”

ಲೇಖಕ ನಗುತ್ತಲೇ ಬರೆದುಕೊಂಡ.

ಬಂದ ಲೇಖಕರು ಹೊರಡುವ ಮುನ್ನ ಬರೆದದ್ದನ್ನು ಊರ ಮುಂದೆ ಓದುವುದು ಪದ್ಧತಿ. ಮಾರುಕಟ್ಟೆಯ ಕಂಬಸಾಲಿನ ನೆರಳಿನಲ್ಲಿ ಯೂಫ್ರಾನೋರ್ ಓದಿದ. ತೋಳದ ತಲೆಯವನು ಎಂಬವನೇ ಇರಲಿಲ್ಲ, ಅವರು ತೋಳದ ಟೊಪ್ಪಿ ತೊಟ್ಟ ಲಸಿಯಾದ ದರೋಡೆಕೋರರು, ತಿಂದರು ಎಂದರೆ ಕೊಂದು ದೋಚಿದರು ಎಂದರ್ಥ.

ಏಳು ಮನೆಗಳಲ್ಲೊಂದರ ಯಜಮಾನ, ಚರ್ಮ ಹದಮಾಡುವ ಕ್ಲಿಯಾಸ್ ಎದ್ದು ನಿಂತ. “ಅಂದ್ರೆ ನಮ್ಮ ಅಜ್ಜೀನ ಕೊಂದದ್ದು ಮೃಗ ಅಲ್ಲ, ಅವರು! ಅದೇ ಬಡ್ಡೀಮಕ್ಳು ಇಲ್ಲಿ ಬಂದು ಉಣ್ಣೆ ಮಾರ್ತಾರೆ, ನಾವು ಹಲ್ಲು ಕಿರಿದು ಕೊಳ್ತೀವಿ!”

ಆ ಅಜ್ಜಿ ಸತ್ತು ಸಾವಿರ ವರ್ಷವಾಗಿರಬಹುದು. ನಿನ್ನೆ ಸತ್ತಳೇನೋ ಎಂಬಂತೆ ಕ್ಲಿಯಾಸ್ ಎದೆ ಬಡಿದುಕೊಂಡ.

ಟೆಲೆಸ್ತಾಸ್ ಓಡಿಹೋಗಿ ಲೇಖಕನ ಹೇಸರಗತ್ತೆಯ ಹಗ್ಗ ಹಿಡಿದ. “ಸ್ವಾಮಿ, ಆ ಸಾಲು ಅಳಿಸಿಬಿಡಿ. ನಾನು ತಮಾಷೆಗೆ ಅಂದದ್ದು.”

“ಟೊಪ್ಪಿ ನಿಜ ತಾನೇ? ನಾನು ಬರೆದದ್ದು ಕಾರಣ, ಯಜಮಾನ್ರೇ. ಯಾರನ್ನೂ ಹೊಡೀರಿ ಅಂತ ಬರೀಲಿಲ್ಲ.”

ಸಂತೆಗೆ ಬರಬೇಡ ಎಂದು ಟೆಲೆಸ್ತಾಸ್ ಅಳಿಯನಿಗೆ ಹೇಳಿಕಳಿಸಿದ. ಸಿಮೋಸ್ ಹೆದರುವ ಪೈಕಿಯಲ್ಲ. ಉಣ್ಣೆಯ ಹೊರೆ ಹೊತ್ತು, ಅದೇ ಟೊಪ್ಪಿ ಹಾಕಿಕೊಂಡು, ಹೆಂಡತಿ ನಿಕಸೋಳನ್ನು ಕರೆದುಕೊಂಡು ಇಳಿದು ಬಂದ.

ಮೊದಲ ಏಟು ಮಂಡಿಗೆ ಬಿತ್ತು. ಹೊರೆಯ ಸಮೇತ ಕುಸಿದವನ ಮೇಲೆ ಐದು ಜನ ಬಿದ್ದರು. ಪಕ್ಕೆಲುಬು, ಬೆನ್ನು, ಬೆರಳು ಎಂದು ನೋಡದೆ ತುಳಿದರು. “ಆಲ್ಕೋನ್ ಮಾಡಿದ್ ಹಾಗೆ ಮಾಡೋ ಕ್ಲಿಯಾಸ್!” ಎಂದು ಯಾರೋ ಕೂಗಿದರು. ಕ್ಲಿಯಾಸ್ ಸಿಮೋಸನ ಎದೆಯ ಮೇಲೆ ಮಂಡಿಯೂರಿದ, ಬಾಯೊಳಗೆ ಎರಡೂ ಕೈಯ ಬೆರಳು ತುರುಕಿದ. ಕಟುಕರ ಸಾಲಿನಿಂದ ಓಡಿಬರುತ್ತಿದ್ದ ಟೆಲೆಸ್ತಾಸನಿಗೆ ಲಟಕ್ಕೆಂದದ್ದು ಕೇಳಿಸಿತು. ಕುರಿಯ ತಲೆ ಬಿಡಿಸುವಾಗ ಬರುವ ಸದ್ದೇ ಅದು. ಅವನು ಟಗರಿನ ಕತ್ತಿಯಿಂದಲೇ ಕ್ಲಿಯಾಸನ ಬಲ ಮುಂಗೈಯನ್ನು ಎಲುಬು ಕಾಣುವಂತೆ ಸೀಳಿದ.

ನಿಕಸೋ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗೈಯಲ್ಲಿ ರಕ್ತ, ಮೂರು ಹಲ್ಲು. “ಅಪ್ಪಾ, ಇವರಿಗೆ ಇದನ್ನ ಕಲಿಸಿದ್ದು ಯಾರು?” ಎಂದಳು. ಆಮೇಲೆ ತಂದೆಯ ಜೊತೆ ಮಾತಾಡಲಿಲ್ಲ.

ಆ ಚಳಿಗಾಲ ಲಸಿಯಾದವರು ಓರ್ಥೆಯ ಕುರಿದೊಡ್ಡಿಗೆ ಬೆಂಕಿ ಹಚ್ಚಿದರು, ಇಬ್ಬರು ಕುರುಬರ ಹಿಮ್ಮಡಿಯ ನರ ಕತ್ತರಿಸಿದರು. ಓರ್ಥೆಯವರು ಲಸಿಯಾದ ಒಬ್ಬ ಮುದುಕನನ್ನು ಕಣಿವೆಗೆ ತಳ್ಳಿದರು. ಸಿಮೋಸ್ ಬದುಕಿಕೊಂಡ. ದವಡೆ ಸೊಟ್ಟಗೆ ಕೂಡಿತು. ಬಾರ್ಲಿ ಗಂಜಿಯಷ್ಟೇ ಒಳಗೆ ಇಳಿಯುತ್ತಿತ್ತು.

ಮುಂದಿನ ವರ್ಷದ ಹಬ್ಬಕ್ಕೆ ಏಳೂ ಮನೆಯವರು ಬಂದರು, ಸೊಂಟದಲ್ಲಿ ಚೂರಿ ಸಿಕ್ಕಿಸಿಕೊಂಡು. ಟೆಲೆಸ್ತಾಸ್ ಹೇಳಿಕಳಿಸಿದ್ದಕ್ಕೆ ನಿಕಸೋ, ಸಿಮೋಸ್ ಕೂಡ ಬಂದಿದ್ದರು. ಸಮಾಧಿಯ ಗೋಡೆಯಾಚೆ ನಿಂತಿದ್ದರು. ಸಿಮೋಸನ ತಲೆಯ ಮೇಲೆ ಟೊಪ್ಪಿ ಇತ್ತು. ಅವರ ಹಿಂದಿನ ದಿಬ್ಬದಲ್ಲಿ ಲಸಿಯಾದ ಇಪ್ಪತ್ತು ಜನ ಕವಣೆ ಹಿಡಿದಿದ್ದರು. ಕ್ಲಿಯಾಸ್ ಪಾಲು ಬೇಡವೆಂದರೆ ಮುಂದೇನೆಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಟೆಲೆಸ್ತಾಸ್ ಟಗರಿನ ಕುತ್ತಿಗೆ ಸೀಳಿದ. ರಕ್ತ ಕೊಳವೆಗೆ ಇಳಿಯತೊಡಗಿತು.

“ಕುತ್ತಿಗೆಯಿಂದ ಮೇಲೆ ತೋಳ,” ಎಂದ. “ಟೊಪ್ಪಿ ಅಲ್ಲ, ತಲೆ. ಅದನ್ನ ಯಾವ ತಾಯೀನೂ ಹೆರಲಿಲ್ಲ. ಬಂಡೆ ಸೀಳಿ ಬಂತು. ಮೂರು ಸಾಲು ಹಲ್ಲು. ಅದಕ್ಕೆ ಊರಿರಲಿಲ್ಲ, ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಆಲ್ಕೋನ್ ದವಡೆ ಹರಿದ ದಿನ ಅದರ ಕುಲವೇ ಮುಗೀತು.”

“ಪುಸ್ತಕದಲ್ಲಿ ಬೇರೆ ಇದೆ,” ಎಂದ ಕ್ಲಿಯಾಸ್.

“ಪುಸ್ತಕ ಬರೆದೋನಿಗೆ ಹೇಳಿದ್ದು ಯಾರು? ನಾನು. ಪರದೇಶದವನ ಮುಂದೆ ಜಾಣನಾಗೋಕೆ ಹೋಗಿ ಸುಳ್ಳು ಹೇಳ್ದೆ. ಈ ಸಮಾಧಿ ಮೇಲೆ ನಿಂತು ಹೇಳ್ತೀನಿ, ಏಳು ತಲೆಮಾರಲ್ಲಿ ಸುಳ್ಳು ಹೇಳಿದೋನು ನಾನೊಬ್ಬನೇ. ಸಿಟ್ಟಿದ್ರೆ ನನ್ನ ದವಡೆ ಹರಿ. ಕತ್ತಿ ಕೆಳಗಿಡ್ತೀನಿ.”

ಇಟ್ಟ. ಕೆಂಡದ ಮೇಲಿಂದ ಮೊದಲ ತುಂಡು ತೆಗೆದು ಚಾಚಿದ.

ಕ್ಲಿಯಾಸನ ಬಲಗೈ ಒಣಗಿದ ಕೊಂಬೆಯಂತೆ ಪಕ್ಕಕ್ಕೆ ನೇತಾಡುತ್ತಿತ್ತು. ಅವನು ಗೋಡೆಯಾಚೆಯ ಸೊಟ್ಟ ಮುಖವನ್ನು ನೋಡಿದ. ಆಮೇಲೆ ಎಡಗೈ ಚಾಚಿ ತುಂಡನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

“ಉಪ್ಪು ಸಾಲದು,” ಎಂದ.

ಉಳಿದ ಆರು ಜನ ಒಬ್ಬರ ಹಿಂದೊಬ್ಬರು ಮುಂದೆ ಬಂದರು.