ಜೋಡಿಸಲು ಬಾರದವರ ಹುದ್ದೆ

ನಮ್ಮ ಕಚೇರಿಯಲ್ಲಿ ಏನೂ ಬಾರದೆ ಸಂಬಳ ತೆಗೆದುಕೊಳ್ಳುವವರು ಹಲವರಿದ್ದರು. ಆದರೆ ಏನೂ ಬಾರದು ಎಂಬ ಕಾರಣಕ್ಕೇ ಸಂಬಳ ಸಿಗುತ್ತಿದ್ದದ್ದು ಚಿಕ್ಕಮ್ಮನಿಗೆ ಮಾತ್ರ.

ಚಿಕ್ಕಮ್ಮ ನಮ್ಮಲ್ಲಿ ಯಾರಿಗೂ ಚಿಕ್ಕಮ್ಮನಲ್ಲ. ಕೆಳಗಿನ ಅಂತಸ್ತಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮೇಲಿನ ಅಂತಸ್ತಿನಲ್ಲಿ ನಾವು ವಿಡಿಯೊ ಗೇಮ್ ಮಾಡುತ್ತಿದ್ದೆವು. ಅದರಲ್ಲಿ ಹಲಗೆ, ಚಕ್ರ, ಅಚ್ಚು, ಹಾಯಿ ಎಲ್ಲ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಆಡುವವರು ಅವನ್ನು ಜೋಡಿಸಿ ಗಾಡಿಯನ್ನೋ ದೋಣಿಯನ್ನೋ ಕಟ್ಟಿ ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ಆಡಿದವರೆಲ್ಲ ದ್ವೀಪಕ್ಕೆ ಹೋಗುವ ಬದಲು ನಮ್ಮ ಮೇಲೆ ಹರಿಹಾಯ್ದಿದ್ದರು. ಒಂದು ತುಂಡು ತಿರುಗಿಸಿದರೆ ಇನ್ನೊಂದು ಬೀಳುತ್ತದೆ ಎಂಬುದು ಅವರ ಗೋಳು.

ನಮ್ಮ ಮುಖ್ಯಸ್ಥರಿಗೆ ಯಾವ ಗೋಳಿಗೂ ಒಂದೇ ಔಷಧಿ: "ಇನ್ನೂ ಸುಲಭ ಮಾಡೋಣ." ಹಾಗಾಗಿ ಬೆನ್ನ ಹಿಂದೆ ನಾವು ಅವರನ್ನು ಸುಲಭರಾಯರು ಎನ್ನುತ್ತಿದ್ದೆವು. ಒಂದು ದಿನ ಜೆರಾಕ್ಸ್ ಕಟ್ಟು ಕೊಡಲು ಬಂದ ಚಿಕ್ಕಮ್ಮನನ್ನು ಅವರು ಕಂಪ್ಯೂಟರಿನ ಮುಂದೆ ಕೂರಿಸಿಬಿಟ್ಟರು. ಚಿಕ್ಕಮ್ಮ ಮೌಸನ್ನು ಬಿಸಿ ಪಾತ್ರೆಯಂತೆ ಹಿಡಿದು ಚಕ್ರವನ್ನು ಎಳೆದೆಳೆದು ಗಾಡಿಯ ಛಾವಣಿಯ ಮೇಲೆ ಕೂರಿಸಿದರು.

"ಚಕ್ರ ಮೇಲ್ಯಾಕೆ ಹಾಕಿದ್ರಿ?"

"ಕೆಳಗಿಟ್ರೆ ಉರುಳಿ ಹೋಗ್ತಿತ್ತು ಸಾರ್. ಮೇಲಾದ್ರೆ ತೆಪ್ಪಗಿರತ್ತೆ."

ಸುಲಭರಾಯರ ಮುಖ ಅರಳಿತು. ಇಂಥ ಅಪ್ಪಟ ಅಜ್ಞಾನ ಹುಡುಕಿದರೂ ಸಿಗುವುದಿಲ್ಲ ಎಂದು ಚಿಕ್ಕಮ್ಮನನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಂಡರು. ಹುದ್ದೆಯ ಹೆಸರು "ಸಾಮಾನ್ಯ ಆಟಗಾರ್ತಿ". ಇವರಿಗೆ ಬಂದರೆ ಲೋಕಕ್ಕೆಲ್ಲ ಬರುತ್ತದೆ, ಇವರು ಸೋತ ಕಡೆ ಸುಲಭ ಮಾಡಬೇಕು ಎಂಬುದು ಲೆಕ್ಕ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಆ ಡಿಗ್ರಿಯ ಬಲದಿಂದ, ಪಕ್ಕದಲ್ಲಿ ಕೂತು ಅವರು ಎಲ್ಲೆಲ್ಲಿ ಎಡವುತ್ತಾರೆಂದು ನೋಡುವ ಕೆಲಸ ನನಗೆ ಸಿಕ್ಕಿತು.

ಚಿಕ್ಕಮ್ಮನ ಯಜಮಾನರಿಗೆ ಮೊದಲು ಫೋಟೊ ಸ್ಟುಡಿಯೊ ಇತ್ತು. ಯಾರೋ ಪುಣ್ಯಾತ್ಮರು ಫೋಟೊ ತೆಗೆಯುವುದನ್ನು ಸುಲಭ ಮಾಡಿದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಈಗ ಮನೆ ನಡೆಯುತ್ತಿದ್ದದ್ದು ಚಿಕ್ಕಮ್ಮನಿಗೆ ಗಾಡಿ ಕಟ್ಟಲು ಬಾರದ ಭಾಗ್ಯದಿಂದ.

ಅವರು ಸೋತಂತೆಲ್ಲ ಗೇಮ್ ಸುಧಾರಿಸಿತು. ಚಕ್ರ ಅಚ್ಚಿನ ಹತ್ತಿರ ಬಂದರೆ ಸಾಕು, ತವರು ಕಂಡ ಮಗಳಂತೆ ತಾನೇ ಓಡಿಹೋಗಿ ಅಂಟಿಕೊಳ್ಳತೊಡಗಿತು. ಸರಿಯಾದ ಜಾಗ ಹಸಿರಾಗಿ ಮಿನುಗಿತು, ತಪ್ಪು ಜಾಗ ಕೆಂಪಾಯಿತು. ಆದರೂ ಚಿಕ್ಕಮ್ಮ ಕೆಂಪಿಗೇ ಕೈ ಹಾಕುತ್ತಿದ್ದರು. ಸುಲಭರಾಯರು ಹಣೆ ಚಚ್ಚಿಕೊಂಡು ಇನ್ನಷ್ಟು ಸುಲಭ ಮಾಡಲು ಓಡುತ್ತಿದ್ದರು.

ಒಮ್ಮೆ ಊಟ ಬೇಗ ಮುಗಿಸಿ ಬಂದೆ. ಚಿಕ್ಕಮ್ಮನ ಸ್ಕ್ರೀನಿನಲ್ಲಿ, ನಾವು ಕೈಬಿಟ್ಟಿದ್ದ ಹಳೆಯ ಕಷ್ಟದ ಗೇಮಿನೊಳಗೆ, ಎರಡು ಹಾಯಿಯ ದೋಣಿಯೊಂದು ತೇಲುತ್ತಿತ್ತು. ಹಿಂದುಗಡೆ ನೆರಳಿಗೊಂದು ಚಪ್ಪರ, ಅದರ ಕೆಳಗೆ ಉಯ್ಯಾಲೆ.

"ಇದನ್ನ ಯಾರು ಕಟ್ಟಿದ್ದು?"

ಚಿಕ್ಕಮ್ಮ ಅಂಗೈಯಿಂದ ಸ್ಕ್ರೀನ್ ಮುಚ್ಚಿದರು. "ಯಾರಿಗೂ ಹೇಳ್ಬೇಡ ಕಣೇ. ಬರತ್ತೆ ಅಂತ ಗೊತ್ತಾದ್ರೆ ಕೆಲಸಕ್ಕೆ ಕಲ್ಲು ಬೀಳತ್ತೆ."

"ಯಾವಾಗ್ಲಿಂದ ಬರತ್ತೆ?"

"ಆಗ್ಲೇ ಬಂತು. ದಿನಾ ಅದನ್ನೇ ಮಾಡಿದ್ರೆ ಬರದೆ ಇರತ್ತಾ? ಈಗ ಬರದ ಹಾಗೆ ಮಾಡೋದೇ ಕಷ್ಟ. ಕೈ ತಾನಾಗೇ ಸರಿ ಜಾಗಕ್ಕೆ ಹೋಗತ್ತೆ, ಹಿಡಿದೆಳೀಬೇಕು."

ಅವರು ಬೆರಳ ಸಂದಿಯಿಂದ ಆ ಉಯ್ಯಾಲೆಯನ್ನು ನೋಡುತ್ತಿದ್ದ ರೀತಿ ಕಂಡು ನಾನು ಬಾಯಿ ಹೊಲಿದುಕೊಂಡೆ.

ಕೊನೆಗೆ ಸುಲಭರಾಯರು ತಮ್ಮ ತಪಸ್ಸಿನ ಫಲ ತೋರಿಸಿದರು. ಒಂದೇ ಗುಂಡಿ. ಒತ್ತಿದರೆ ದೋಣಿ ತಯಾರು.

"ಮತ್ತೆ ಆಡೋರು ಏನ್ಮಾಡ್ಬೇಕು ಸಾರ್?" ಎಂದೆ.

"ನೋಡ್ಬೇಕು. ನೋಡಿ ಖುಷಿ ಪಡ್ಬೇಕು."

"ಕೈಯಲ್ಲಿ ಜೋಡಿಸೋದು?"

"ಪೂರ್ತಿ ಕಿತ್ತುಹಾಕೋದೇ. ಚಿಕ್ಕಮ್ಮನ ಕೈಲಿ ಇಷ್ಟು ದಿನ ಆಗ್ಲಿಲ್ಲ, ಇನ್ಯಾರ ಕೈಲಾಗತ್ತೆ?"

ನೀರಿನ ಕ್ಯಾನಿನ ಹತ್ತಿರ ಚಿಕ್ಕಮ್ಮ ಖಾಲಿ ಲೋಟ ಹಿಡಿದು ನಿಂತಿದ್ದರು. "ನಾನು ಸುಳ್ಳುಸುಳ್ಳೇ ಸೋತಿದ್ದಕ್ಕೆ ಆಟಾನೇ ಹೋಗತ್ತಾ?"

"ಸುಮ್ನಿರಿ ಚಿಕ್ಕಮ್ಮ. ಸಂಬಳ ಬರತ್ತಲ್ಲ."

"ಬರತ್ತೆ. ಇನ್ಮೇಲೆ ದಿನಾ ಬಂದು, ಗುಂಡಿ ಒತ್ತಕ್ಕೂ ಬರಲ್ಲ ಅಂತ ನಾಟಕ ಆಡ್ಬೇಕಷ್ಟೆ."

ಕಂಪನಿಯ ಮಾಲೀಕರು ನೋಡಲು ಬಂದರು. ಚಿಕ್ಕಮ್ಮ ಮೊದಲು ಹಳೆಯದರಲ್ಲಿ ಸೋಲಬೇಕು, ಆಮೇಲೆ ಹೊಸದರಲ್ಲಿ ಗುಂಡಿ ಒತ್ತಿ ಗೆಲ್ಲಬೇಕು ಎಂದು ಸುಲಭರಾಯರು ಹೇಳಿಕೊಟ್ಟಿದ್ದರು. ಗೋಡೆಯಗಲದ ಸ್ಕ್ರೀನಿನಲ್ಲಿ ಹಲಗೆಗಳು ಚೆಲ್ಲಿದ್ದವು. ಚಿಕ್ಕಮ್ಮ ಒಂದನ್ನು ಎತ್ತಿದರು, ತಿರುಗಿಸಿದರು, ಕೂರಿಸಿದರು. ಅದು ಬೀಳಲಿಲ್ಲ. ಎರಡನೆಯದೂ ಬೀಳಲಿಲ್ಲ. ಸುಲಭರಾಯರು ಕೆಮ್ಮಿದರು, ಕಣ್ಣುಸನ್ನೆ ಮಾಡಿದರು. ಚಿಕ್ಕಮ್ಮ ಹಾಯಿಯನ್ನು ಗಾಳಿಯ ಕಡೆಗೆ ಓರೆ ಮಾಡಿ ದೋಣಿಯನ್ನು ನೀರಿಗೆ ಬಿಟ್ಟರು. ಅದು ಆಚೆಯ ದ್ವೀಪ ಮುಟ್ಟಿತು.

ಸುಲಭರಾಯರು ಚಪ್ಪಾಳೆ ಹೊಡೆಯುತ್ತ ಎದ್ದುನಿಂತರು. "ನೋಡಿದ್ರಾ ಸಾರ್! ಎಷ್ಟು ಸುಲಭ ಮಾಡಿದೀವಿ ಅಂದ್ರೆ, ಇವರಿಗೂ ಬಂತು!"

"ಇದು ಹಳೇದೇ ಸಾರ್," ಎಂದರು ಚಿಕ್ಕಮ್ಮ. "ನಂಗೆ ಮುಂಚೇನೇ ಬರ್ತಿತ್ತು. ಹೊಟ್ಟೆಪಾಡಿಗೆ ಬರಲ್ಲ ಅಂತಿದ್ದೆ. ಇದನ್ನ ತೆಗೀಬೇಡಿ, ಅಷ್ಟೇ."

ಮಾಲೀಕರು ಗದ್ದ ಕೆರೆದುಕೊಂಡರು. "ತೆಗೆಯೋದು ಬೇಡ. ಬೇರೆಯಾಗಿ ಮಾರೋಣ."

ಹೀಗೆ ಗುಂಡಿಯ ಗೇಮ್ ಎಲ್ಲರಿಗಾಯಿತು. ನಾವು ಅಷ್ಟು ಕಷ್ಟಪಟ್ಟು ನಿವಾರಿಸಿದ್ದ ಕಷ್ಟವನ್ನು ಹೊಸ ಡಬ್ಬಿಗೆ ತುಂಬಿ, "ಕುಶಲಿಗಳಿಗೆ ಮಾತ್ರ" ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರಿದೆವು. ಎರಡೂ ಚೆನ್ನಾಗಿ ಹೋದವು. ಬರುತ್ತದೆ ಎಂದು ಒಪ್ಪಿಕೊಂಡವರು ಸಾಮಾನ್ಯರಲ್ಲವಾದ್ದರಿಂದ ಚಿಕ್ಕಮ್ಮನಿಗೆ ಮಾಲೀಕರು ಬಂದ ದಿನವೇ ಹೂಗುಚ್ಛ ಕೊಟ್ಟು ಕಳುಹಿಸಿದ್ದರು. ಅವರ ಜಾಗಕ್ಕೆ ಸುಲಭರಾಯರ ಭಾವಮೈದುನ ಬಂದ. ಹುಟ್ಟು ಪ್ರತಿಭೆ. ಮೊದಲ ದಿನವೇ ಮೊಣಕೈಯನ್ನು ಗುಂಡಿಯ ಮೇಲೆ ಊರಿಕೊಂಡು, ಗುಂಡಿ ಎಲ್ಲಿದೆ ಎಂದು ಕೇಳಿದ.

ಆ ದಿನ ಹೂಗುಚ್ಛ ಹಿಡಿದುಕೊಂಡು ಚಿಕ್ಕಮ್ಮನ ಜೊತೆ ಅವರ ಮನೆಗೆ ಹೋಗಿದ್ದೆ. ಸ್ಟುಡಿಯೊದ ಹಳೆಯ ಪರದೆ, ಬೆಟ್ಟ ಸರೋವರ ಬರೆದದ್ದು, ಬಾಗಿಲಿಗೆ ನೇತುಬಿದ್ದಿತ್ತು. ಯಜಮಾನರು ಸರೋವರವನ್ನು ಸರಿಸಿ ಹೊರಗೆ ಬಂದರು.

"ಏನೇ, ಇಷ್ಟು ಬೇಗ ಬಂದೆ? ಹೂವು ಬೇರೆ!"

"ಕೆಲಸದಿಂದ ತೆಗೆದ್ರು ರೀ."

"ಅಂಥಾ ತಪ್ಪು ಏನು ಮಾಡಿದೆ?"

"ಇವತ್ತು ಒಂದೂ ಮಾಡ್ಲಿಲ್ಲ, ಅದಕ್ಕೇ," ಎಂದು ಚಿಕ್ಕಮ್ಮ ಹೂವನ್ನು ಬಕೆಟ್ಟಿನ ನೀರಿಗೆ ಇಳಿಸಿ, ನನಗೆ ಕೂರಲು ಕುರ್ಚಿ ಎಳೆದರು.