ಕೌಂಟರಿನ ಹಿಂದೆ ನಲವತ್ತೆಂಟು

ಔಷಧಿ ಅಂಗಡಿಯಲ್ಲಿ ಮುಖದ ಕ್ರೀಮು, ಪುಡಿ ಮಾರುವವಳನ್ನು ಎಲ್ಲರೂ ಎವರ್‌ಗ್ರೀನ್ ಅಕ್ಕ ಅನ್ನುತ್ತಾರೆ. ಮೂವತ್ನಾಲ್ಕು ವಯಸ್ಸು. ಕೌಂಟರಿನ ಹಿಂದೆ ನಿಂತರೆ ಮಾತ್ರ ನಲವತ್ತೆಂಟು ಅನ್ನಬೇಕು. ಮೂವತ್ನಾಲ್ಕರವಳು ಮೂವತ್ನಾಲ್ಕರ ಹಾಗೇ ಕಂಡರೆ ವಯಸ್ಸು ಮರೆಸುವ ಪೆಪ್ಟೈಡ್ ಪುಡಿ, ಕ್ರೀಮು ಯಾರು ಕೊಳ್ಳುತ್ತಾರೆ? ಮಾಲೀಕನ ತಲೆಯಲ್ಲಿ ಹುಟ್ಟಿದ ಉಪಾಯ ಅದು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಬೇರೆ ಕೆಲಸದ ಗತಿಯಿಲ್ಲ. ಇವಳು ಹೂಂ ಅಂದಳು.

ಗಿರಾಕಿಗಳದು ಒಂದೇ ಪ್ರಶ್ನೆ, ಕುಡಿಯುವ ಪುಡಿ ಒಳ್ಳೆಯದೋ, ಹಚ್ಚುವ ಸೀರಮ್ಮೋ?

"ಹಚ್ಚಿದ್ದು ಹಚ್ಚಿದ ಕಡೆ ಕೆಲ್ಸ ಮಾಡುತ್ತೆ, ಅದೂ ಮೇಲ್ಮೇಲೆ. ಕುಡಿದಿದ್ದು ಹೊಟ್ಟೇಲಿ ಅರಗಿ ಚೂರಾಗುತ್ತೆ. ಮುಖಕ್ಕೇ ಹೋಗು ಅಂತ ಅದಕ್ಕೆ ಯಾರೂ ವಿಳಾಸ ಕೊಟ್ಟಿರಲ್ಲ. ಎರಡರಲ್ಲೂ ಸ್ವಲ್ಪ ಗುಣ ಕಂಡೋರಿದ್ದಾರೆ, ತಿಂಗಳುಗಟ್ಟಲೆ ಕಾದ್ಮೇಲೆ," ಎಂದು ಅವಳು ಇದ್ದದ್ದು ಇದ್ದಂತೆ ಹೇಳುತ್ತಾಳೆ. ಕೇಳಿಸಿಕೊಳ್ಳುವವರು ಯಾರು? ಅವಳ ಕೆನ್ನೆ ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಡಬ್ಬಿ ಎತ್ತಿಕೊಳ್ಳುತ್ತಾರೆ.

ಎದುರಿನ ಕನ್ನಡಕದ ಅಂಗಡಿಯವನು ಅವಳನ್ನು ಮೆಚ್ಚಿದ. ನಿಜವಾದ ವಯಸ್ಸು ಅವನಿಗೆ ಗೊತ್ತು. ಅವಳಿಗೂ ಅವನೆಂದರೆ ಜೀವ. ಅವನ ತಾಯಿ ಒಪ್ಪಿದರೆ ಮದುವೆ. ಆ ತಾಯಿಯೋ ಹೆಣ್ಣಿನ ಮನೆಗೆ ಹೋಗದೆ ಸೀದಾ ಕೌಂಟರಿಗೇ ಬಂದರು. ಮಾಲೀಕ ಪಕ್ಕದಲ್ಲೇ ನಿಂತಿದ್ದ.

"ನಿಂಗೆಷ್ಟಮ್ಮ ವಯಸ್ಸು?"

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ, ಬಾಯಲ್ಲಿ ಬಿಸಿತುಪ್ಪ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಅವನು. ಕೆಲಸ ಹಾಳಾಗಿ ಹೋಗಲಿ ಎಂದು, "ಮೂವತ್ನಾಲ್ಕು" ಎಂದುಬಿಟ್ಟಳು.

ತಾಯಿ ನಕ್ಕರು. "ಅವ್ನೂ ಹಾಗೇ ಅಂದ. ನೀನೇ ಹೇಳ್ಕೊಟ್ಟಿರ್ತೀಯ. ನಲವತ್ತೆಂಟು ಅಂತ ನಮ್ಮ ಬೀದಿ ಹೆಂಗಸರಿಗೆಲ್ಲ ನೀನೇ ಹೇಳಿದ್ದೀಯಲ್ಲ ತಾಯಿ."

"ಅದು ವ್ಯಾಪಾರಕ್ಕೆ ಹೇಳಿದ್ದಮ್ಮ. ಸುಳ್ಳು."

"ಓಹೋ, ವ್ಯಾಪಾರಕ್ಕೆ ಹೇಳಿದ್ದು ಸುಳ್ಳು, ಮದುವೆಗೆ ಹೇಳಿದ್ದು ನಿಜ!"

ಅವಳು ಮಾಲೀಕನ ಕಡೆ ತಿರುಗಿದಳು. "ಸಾರ್, ನೀವಾದ್ರೂ ಹೇಳಿ."

ಪುಣ್ಯಾತ್ಮ ಗಂಟಲು ಸರಿಮಾಡಿಕೊಂಡ. "ನಲವತ್ತೆಂಟೇ ಅಮ್ಮ. ನಮ್ಮ ಪುಡೀನೇ ಕುಡಿಯೋದು."

ತಾಯಿ ಮುಂದೆ ಬಾಗಿ ಅವಳ ಕೆನ್ನೆ ಮುಟ್ಟಿ ನೋಡಿದರು. "ಬೇಜಾರು ಮಾಡ್ಕೋಬೇಡಮ್ಮ. ನನ್ನ ಮಗನಿಗಿನ್ನೂ ಮೂವತ್ತಾರು, ಮೊಮ್ಮಕ್ಕಳನ್ನ ನೋಡೋ ಆಸೆ ನಂಗೆ." ಸ್ವಲ್ಪ ತಡೆದು, "ನಂಗೂ ಒಂದು ಡಬ್ಬಿ ಕೊಡು," ಎಂದರು.

ಅವಳು ಡಬ್ಬಿ ತೆಗೆದುಕೊಟ್ಟಳು. ನೀರಿಗೆ ಎಷ್ಟು ಚಮಚ ಹಾಕಬೇಕು ಎಂದು ಕೇಳಿದರು. ಅದನ್ನೂ ಹೇಳಿದಳು.