ಚಾಸಿ ನಂಬರಿನ ಮೇಲಿನ ವಿಭೂತಿ

ಹದಿನೈದು ವರ್ಷ ತುಂಬಿದ ಮೋಟರ್ ಸೈಕಲ್ಲನ್ನು ಆರ್‌ಟಿಓ ಆಫೀಸಿಗೆ ಒಯ್ದು ಮತ್ತೆ ತೋರಿಸಬೇಕು. ಇನ್ನೂ ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಅವರು ಒಪ್ಪಿದರೆ ಮುಂದಿನ ಐದು ವರ್ಷಕ್ಕೆ ಕಾಗದ ಸಿಗುತ್ತದೆ. ನಮ್ಮ ಕಡೆ ಇದಕ್ಕೆ ಪಾಸಿಂಗ್ ಅನ್ನುತ್ತಾರೆ. ಈ ಕಾನೂನು ನನಗೆ ಮೊದಲಿನಿಂದಲೂ ಗೊತ್ತಿತ್ತು, ಆದರೆ ಅದು ನನ್ನ ಗಾಡಿಗೂ ಬರುತ್ತದೆ ಅಂತ ಯಾಕೋ ಅನ್ನಿಸಿರಲಿಲ್ಲ. ಹದಿನೈದು ವರ್ಷದಲ್ಲಿ ಗಾಡಿ ಎಷ್ಟು ದಣಿದಿತ್ತೋ, ಅದರ ಮೇಲೆ ಕೂತವನು ಅದಕ್ಕಿಂತ ಹೆಚ್ಚು ದಣಿದಿದ್ದ. ನನ್ನನ್ನೇ ಯಾರಾದರೂ ಪಾಸಿಂಗಿಗೆ ನಿಲ್ಲಿಸಿದ್ದರೆ ಮೊಣಕಾಲು, ಸೊಂಟ, ಕಣ್ಣು ಮೂರರಲ್ಲೂ ಫೇಲಾಗುತ್ತಿದ್ದೆ.

ನನ್ನ ಕೆಲಸ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು. ಲ್ಯಾಬು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ನನ್ನ ಮನೆ ಧಾರವಾಡದ ಲಕಮನಹಳ್ಳಿಯಲ್ಲಿ. ಮುಂಜಾನೆ ಐದೂವರೆಗೆ ಹೊರಟು ಧಾರವಾಡದ ಏಳೆಂಟು ಮನೆ ಮುಗಿಸಬೇಕು, ವಾರಕ್ಕೆರಡು ಸಲ ಅಮ್ಮಿನಬಾವಿಗೂ ಹೋಗಬೇಕು, ಐಸ್ ಇಟ್ಟ ಡಬ್ಬಿಯಲ್ಲಿ ಆ ಸೀಸೆಗಳನ್ನೆಲ್ಲ ಒಂಬತ್ತರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಸಕ್ಕರೆ ಕಾಯಿಲೆಯವರು ಹಸಿದ ಹೊಟ್ಟೆಯಲ್ಲಿ ಬಾಗಿಲು ನೋಡುತ್ತ ಕೂತಿರುತ್ತಾರೆ. ಹತ್ತು ನಿಮಿಷ ತಡವಾದರೆ ಅವರ ಮೋರೆ ನೋಡಲಾಗುವುದಿಲ್ಲ. ಗಾಡಿ ಇದ್ದರೆ ಮಾತ್ರ ಈ ಕೆಲಸ ಉಂಟು.

ಗಾಡಿಯ ಬಗ್ಗೆ ಸುಳ್ಳು ಹೇಳಬಾರದು, ಅದು ನನ್ನ ಕೈಬಿಟ್ಟದ್ದು ಕಡಿಮೆ. ಬೈಪಾಸಿನಲ್ಲಿ ಒಮ್ಮೆ ಕ್ಲಚ್ ಕೇಬಲ್ ಹರಿಯಿತು, ಎರಡು ಮಳೆಗಾಲ ಪ್ಲಗ್ಗಿನಲ್ಲಿ ನೀರು ಹೋಗಿ ನಿಂತಿತು, ಚೈನು ಮಾತ್ರ ವರ್ಷಕ್ಕೊಮ್ಮೆ ಜೋತುಬಿದ್ದು ಕಟಕಟ ಅನ್ನುತ್ತಿತ್ತು. ಸೆಲ್ಫ್ ಸ್ಟಾರ್ಟು ಯಾವಾಗ ಸತ್ತಿತೋ ನೆನಪಿಲ್ಲ. ಎಂಜಿನ್ ಮಾತ್ರ ಒಂದು ಸಲವೂ ಬಿಚ್ಚಿಸಲಿಲ್ಲ. ಇಷ್ಟು ವರ್ಷ ಇಷ್ಟು ಮಾತು ಕೇಳಿದ ಎತ್ತು ಕೂಡ ಸಿಗಲಿಕ್ಕಿಲ್ಲ.

ಇದಕ್ಕೆಲ್ಲ ಕಾರಣ ತನ್ನ ವಿಭೂತಿ ಅಂತ ಅವ್ವ ನಂಬಿದ್ದಾಳೆ ಅಂದುಕೊಂಡಿದ್ದೆ. ಅವ್ವ ನನಗಿಂತ ಮೊದಲು ಎದ್ದು, ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ನಾನು ಗಾಡಿ ಹೊರಗೆ ತೆಗೆಯುವ ಹೊತ್ತಿಗೆ ಬೆರಳಲ್ಲಿ ಹಸಿ ವಿಭೂತಿ ಹಿಡಿದುಕೊಂಡು ಬಂದೇ ಬಿಡುತ್ತಿದ್ದಳು. ಮೊದಲಿಗೆ ಪೆಟ್ರೋಲ್ ಟಾಕಿಯ ಮೇಲೆ ಹಚ್ಚುತ್ತಿದ್ದಳು. ಬಣ್ಣ ಕೆಡುತ್ತದೆ ಅಂತ ನಾನು ಬೈದೆ. ಹೆಡ್‌ಲೈಟಿಗೆ ಹಚ್ಚಿದಳು, ಬೆಳಕು ಮಬ್ಬಾಗುತ್ತದೆ ಅಂತ ಅದಕ್ಕೂ ಬೈದೆ. "ಗಾಡಿಗೆ ಹಣಿ ಅಂತೂ ಇಲ್ಲ, ಕುತ್ತಿಗಿಗರ ಹಚ್ಚತೇನಿ" ಎಂದು ಹ್ಯಾಂಡಲ್ಲಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ ಮೂರು ಬೆರಳು ಎಳೆಯತೊಡಗಿದಳು. ನಾನು ಅತ್ತ ನೋಡುತ್ತಲೂ ಇರಲಿಲ್ಲ, ಕಿಕ್ ಹೊಡೆದು ಹೊರಟುಬಿಡುತ್ತಿದ್ದೆ.

ಪಾಸಿಂಗಿಗೆ ಎಂಟು ದಿನ ಮೊದಲು ಗಾಡಿಯನ್ನು ಮಿಸ್ತ್ರಿಯ ಹತ್ತಿರ ಬಿಟ್ಟೆ. ಲಕಮನಹಳ್ಳಿಯ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಗಾಡಿ ಹೊಸದಿದ್ದಾಗಿನಿಂದ ಅವನೇ ನೋಡಿಕೊಂಡು ಬಂದವನು, ನನಗಿಂತ ಹತ್ತು ವರ್ಷ ಹಿರಿಯ.

"ಪಾಸಿಂಗಿನ್ಯಾಗ ದೊಡ್ಡ ಬ್ಯಾನಿಗೆ ಯಾರೂ ಫೇಲ್ ಆಗೂದಿಲ್ರಿ, ಸಣ್ಣ ಕೆಮ್ಮಿಗೆ ಫೇಲ್ ಆಗತಾರ. ಎಂಜಿನ್ ಮಸ್ತ್ ಇರತೈತಿ, ಬ್ರೇಕ್ ಲೈಟ್ ಹತ್ತೂದಿಲ್ಲ. ಕನ್ನಡಿ ಇರೂದಿಲ್ಲ. ಹಾರ್ನ್ ಒತ್ತಿದ್ರ ಕಪ್ಪಿ ಒದರಿದಂಗ ಒದರತೈತಿ" ಎಂದ.

ಎರಡು ದಿನ ಹಿಡಿದು ಕೂತ. ಬೋಳಾಗಿದ್ದ ಹಿಂದಿನ ಟೈರು ಬದಲಿಸಿದ. ಬ್ರೇಕಿನ ಶೂ ಹೊಸದು ಹಾಕಿದ. ಹ್ಯಾಂಡಲ್ ತಿರುಗಿಸುವಾಗ ನಡುವೆ ಕಚ್ಚಿಕೊಳ್ಳುತ್ತಿತ್ತು, ಅದರ ಬೇರಿಂಗು ಬದಲಾಯಿತು. ಎಡಗಡೆಯ ಕನ್ನಡಿಯನ್ನು ಓಣಿಗಳ ಇಕ್ಕಟ್ಟಿಗೆ ಬೇಸತ್ತು ನಾನೇ ಎಂದೋ ಕಿತ್ತಿಟ್ಟಿದ್ದೆ, ಅದನ್ನೂ ತರಿಸಿ ಜೋಡಿಸಿದ. ಕೊನೆಗೆ ಗಾಡಿಯನ್ನು ತೊಳೆದು ಎಣ್ಣೆ ಬಟ್ಟೆಯಿಂದ ಒರಸಿ, "ಇನ್ನ ಯಾವ ಸಾಹೇಬ್ರು ಬಂದ್ರೂ ಇದನ್ನ ಫೇಲ್ ಮಾಡಾಕ ಆಗೂದಿಲ್ಲ ನೋಡ್ರಿ" ಎಂದು ಎದೆ ಉಬ್ಬಿಸಿದ. ಕುತ್ತಿಗೆಯ ಮೇಲಿನ ವಿಭೂತಿ ಮಾತ್ರ ಹಾಗೇ ಇತ್ತು. ಹಿರಿಯರು ಹಚ್ಚಿದ್ದು ಅಂತ ಹದಿನೈದು ವರ್ಷವೂ ಅವನು ಆ ಜಾಗಕ್ಕೆ ನೀರು ಬಿಟ್ಟಿರಲಿಲ್ಲ. ಅವನು ದೊಡ್ಡ ಮನಸ್ಸಿನವನು, ಅದೇ ತೊಂದರೆಯಾಯಿತು.

ಪಾಸಿಂಗಿನ ದಿನ ಗಾಡಿಗಳ ಸಾಲು ಗೇಟಿನವರೆಗೂ ಇತ್ತು. ನನ್ನ ಮುಂದಿನವನು ಹಾರ್ನಿಗೆ ಫೇಲಾದ, ಅವನ ಮುಂದಿನವನು ಇಂಡಿಕೇಟರಿಗೆ. ನನಗೆ ಒಳಗೊಳಗೇ ಖುಷಿ. ನನ್ನ ಸರದಿ ಬಂತು. ಇನ್ಸ್‌ಪೆಕ್ಟರು ಮಾತು ಕಡಿಮೆಯ ಮನುಷ್ಯ. "ಲೈಟ್ ಹಚ್ರಿ. ಬ್ರೇಕ್ ಒತ್ರಿ. ಹಾರ್ನ್ ಹೊಡೀರಿ." ಎಲ್ಲ ಸರಿಯಿತ್ತು. ಹ್ಯಾಂಡಲ್ ತಿರುಗಿಸಿ ನೋಡಿದರು, ಟೈರು ಒತ್ತಿ ನೋಡಿದರು, ತಲೆಯಾಡಿಸಿದರು. ಆಮೇಲೆ ಒಂದು ಕಾಗದದ ಪಟ್ಟಿ ತೆಗೆದು ಗಾಡಿಯ ಕುತ್ತಿಗೆಗೆ ಒತ್ತಿ ಹಿಡಿದು ಮೇಲೆ ಪೆನ್ಸಿಲ್ ತಿಕ್ಕಿದರು. ಗಾಡಿಯ ಚಾಸಿ ನಂಬರನ್ನು ಕಂಪನಿಯವರು ಅಲ್ಲೇ ಕಬ್ಬಿಣದಲ್ಲಿ ಕೊರೆದಿರುತ್ತಾರೆ, ಪೆನ್ಸಿಲ್ ತಿಕ್ಕಿದರೆ ಅದು ಕಾಗದದ ಮೇಲೆ ಮೂಡಬೇಕು. ಕಾಗದ ಕಪ್ಪಾಯಿತು, ನಂಬರು ಮಾತ್ರ ಮೂಡಲಿಲ್ಲ.

"ಏನ್ರೀ ಇದು? ನಂಬರ್ ಎಲ್ಲೈತಿ?"

"ಅಲ್ಲೇ ಐತ್ರಿ ಸಾಹೇಬ್ರ."

ಕೀಲಿಕೈಯ ತುದಿಯಿಂದ ಅವರು ಕೆರೆದರು. ಬೂದುಬಣ್ಣದ ಹಕ್ಕಳೆ ಎದ್ದು ಉದುರಿತು. ಅದರ ಕೆಳಗೆ ಕೆಂಪು ತುಕ್ಕು, ಅದರ ಕೆಳಗೆ ಮತ್ತೆ ತುಕ್ಕು.

"ವಿಭೂತಿ ಯಾರು ಹಚ್ಚತಾರ್ರಿ?"

"ನಮ್ಮವ್ವರಿ. ದಿನಾ ಹಚ್ಚತಾಳ."

ಅವರು ಬೆರಳಿಗೆ ಹತ್ತಿದ ಪುಡಿಯನ್ನು ಜಾಡಿಸಲಿಲ್ಲ, ಕರವಸ್ತ್ರದಿಂದ ಒರಸಿಕೊಂಡರು. "ನಮ್ಮ ಮನ್ಯಾಗೂ ಹಚ್ಚತಾರ್ರಿ. ಏನ್ ಮಾಡೂದು, ನಂಬರ್ ಕಾಣದಿದ್ರ ಇದು ನಿಮ್ಮ ಗಾಡಿ ಅಂತ ನಾ ಹೆಂಗ ಬರಕೊಡ್ಲಿ?" ಎಂದು ಫೇಲ್ ಬರೆದರು. ಅವರ ತಪ್ಪು ಒಂದಿನಿತೂ ಇರಲಿಲ್ಲ. ಯಾರನ್ನಾದರೂ ಬೈಯಬೇಕು ಅಂತ ಬಾಯಿ ತುಂಬ ಸಿಟ್ಟಿತ್ತು, ಬೈಯಲು ಅಲ್ಲಿ ಯಾರೂ ಸಿಗಲಿಲ್ಲ.

ಹಳೆಯ ಕಾಗದದ ಅವಧಿ ಮುಗಿಯಲು ನಾಲ್ಕೇ ದಿನ ಉಳಿದಿತ್ತು. ಲ್ಯಾಬಿನ ಮೇಡಮ್ಮಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಕಾಗದ ಇಲ್ಲದ ಗಾಡಿ ಮ್ಯಾಲ ಸ್ಯಾಂಪಲ್ ತರೂದು ಬ್ಯಾಡ್ರಿ. ಒಂದು ತಿಂಗಳು ಕಾಯತೇನಿ, ಅಷ್ಟರಾಗ ಆಗದಿದ್ರ ಧಾರವಾಡ ಬ್ಯಾರೆಯವರಿಗೆ ಕೊಡಬೇಕಾಗತೈತಿ" ಎಂದರು. ನಯವಾಗಿಯೇ ಹೇಳಿದರು. ನಲವತ್ತೇಳನೆಯ ವಯಸ್ಸಿನಲ್ಲಿ ಇನ್ನೊಂದು ಲ್ಯಾಬಿನ ಬಾಗಿಲು ತಟ್ಟುವ ಕಸುವು ನನಗಿಲ್ಲ ಅನ್ನುವುದು ಅವರಿಗೇನು ಗೊತ್ತು.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. "ಪಾಸ್ ಆತೇನಪಾ?" ಎಂದಳು. ಆ ಮಾತಿಗೇ ಕಾಯುತ್ತಿದ್ದವನ ಹಾಗೆ ಹರಿಹಾಯ್ದೆ.

"ನಿನ್ನ ಬೂದಿ ನನ್ನ ಹೊಟ್ಟಿಗೆ ಕಲ್ಲು ಹಾಕಿತು ನೋಡು! ನಂಬರ್ ಮ್ಯಾಲ ಹಚ್ಚಿ ಹಚ್ಚಿ ಅಳಸಿಬಿಟ್ಟಿ! ಗ್ವಾಡಿಗೆ ಹಚ್ಚು, ಕಂಬಕ್ಕ ಹಚ್ಚು, ನನ್ನ ಗಾಡಿ ಏನು ಪಾಪ ಮಾಡಿತ್ತಬೇ ನಿನಗ?"

ಓಣಿಯೆಲ್ಲ ಕೇಳಿಸಿರಬೇಕು. ಅವ್ವ ಮೊರ ಕೆಳಗಿಟ್ಟಳು. "ನನಗ ಓದಾಕ ಬರೂದಿಲ್ಲಪಾ. ಅಲ್ಲಿ ನಂಬರ್ ಇರತೈತಿ ಅಂತ ಗೊತ್ತಿದ್ದಿಲ್ಲ" ಎಂದಳು, ಅಷ್ಟೇ. ಹೆಂಡತಿ ಒಳಗಿನಿಂದ ಬಂದು, "ಅತ್ತಿಯಾರಿಗೆ ಹಂಗ ಅನಬಾರದಾಗಿತ್ರಿ" ಎಂದಳು. ನನಗೂ ಗೊತ್ತಿತ್ತು. ಅಂದಾಗಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ, ನನ್ನದು ಮುದುಕಿಯ ಪಾಲಿಗೆ ಹೋಯಿತು. ಮರುದಿನ ಮುಂಜಾನೆ ನಾನು ಹೊರಡುವಾಗ ಅವ್ವ ಹೊರಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆ ತಿಂಗಳು ಮಾತ್ರ ಬೇಡಪ್ಪಾ ಬೇಡ. ನಸುಕಿನಲ್ಲಿ ಡಬ್ಬಿ ಹೊತ್ತು ಮನೆಯಿಂದ ಮನೆಗೆ ನಡೆಯುವುದು, ಆಮೇಲೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಗೆ ಹೋಗುವುದು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು "ಐಸ್‌ಕ್ರೀಮ್ ಏನ್ರೀ ಅಣ್ಣಾರ?" ಎಂದು ಕೇಳಿದಳು. ಹೌದೆಂದೆ, ವಿವರಿಸಲು ತ್ರಾಣ ಇರಲಿಲ್ಲ. ಎಂಟು ಮನೆ ಆಗುತ್ತಿದ್ದ ಕಡೆ ನಾಲ್ಕಾದವು. ಅಮ್ಮಿನಬಾವಿಯನ್ನು ಎರಡನೆಯ ವಾರಕ್ಕೇ ಬೇರೆಯವನಿಗೆ ಕೊಟ್ಟರು. ಉಳಿದದ್ದೂ ಹೋಗುತ್ತದೆ ಅಂತ ನನಗೆ ಖಾತ್ರಿಯಾಗಿತ್ತು.

ಮಧ್ಯಾಹ್ನದ ಮೇಲೆ ಮಿಸ್ತ್ರಿಯ ಶೆಡ್ಡಿಗೆ ಹೋಗುತ್ತಿದ್ದೆ. ಅವನು ಸೀಮೆಎಣ್ಣೆ ಹಾಕಿ, ಸಣ್ಣ ಬ್ರಶ್ಶಿನಿಂದ ತಿಕ್ಕಿ, ಸುಣ್ಣದಕಡ್ಡಿಯ ಪುಡಿ ತುಂಬಿ ಒಂದೊಂದೇ ಅಕ್ಷರ ಎಬ್ಬಿಸಿದ. "ಬೂದಿ ನೀರು ಹಿಡಕೊಂಡು ಕುಂದರತೈತ್ರಿ, ಒಳಗಿಂದೊಳಗ ತುಕ್ಕು ತಿಂತೈತಿ. ನಾನರ ಒಮ್ಮೆ ತೊಳೀಬೇಕಿತ್ತು" ಎಂದು ತನ್ನನ್ನೇ ಬೈದುಕೊಂಡ. ನಂಬರಿನ ಹದಿನೇಳು ಅಕ್ಷರಗಳಲ್ಲಿ ಹನ್ನೊಂದು ಕಂಡವು, ಆರು ಏನು ಮಾಡಿದರೂ ಏಳಲಿಲ್ಲ. ಆದರೆ ಎಂಜಿನ್ನಿನ ನಂಬರು ಸ್ವಚ್ಛವಾಗಿತ್ತು, ಕಾಗದಕ್ಕೆ ಹೊಂದುತ್ತಿತ್ತು. ಅದರ ಆಧಾರದ ಮೇಲೆ ಅರ್ಜಿ ಕೊಟ್ಟೆ, ಗಾಡಿ ಕದ್ದದ್ದಲ್ಲ ಅಂತ ಪೊಲೀಸರಿಂದ ಬರೆಸಿ ತಂದೆ, ಅದೇ ನಂಬರನ್ನು ಮತ್ತೆ ಕೊರೆಸಲು ಪರವಾನಗಿ ಸಿಕ್ಕಿತು. ಹಳೆಯ ತುಕ್ಕಿನ ಪಕ್ಕದಲ್ಲಿ ಹೊಸ ನಂಬರು ಕೊರೆದರು. ಅದೇ ಇನ್ಸ್‌ಪೆಕ್ಟರು ಮತ್ತೆ ಪೆನ್ಸಿಲ್ ತಿಕ್ಕಿ, ಹದಿನೇಳನ್ನೂ ಬೆರಳಿಟ್ಟು ಓದಿ, ಪಾಸ್ ಬರೆದರು. ಮೇಡಮ್ಮು ಕೊಟ್ಟ ತಿಂಗಳಿಗೆ ಇನ್ನೆರಡು ದಿನ ಬಾಕಿಯಿತ್ತು. ಖುಷಿಪಡಬೇಕಿತ್ತು, ನಿದ್ದೆ ಬರುತ್ತಿತ್ತು.

ಮರುದಿನ ಐದೂವರೆಗೆ ಹೆಲ್ಮೆಟ್ ಹಾಕಿಕೊಂಡು ಗಾಡಿ ಹೊರಗೆ ತಂದೆ. ಅವ್ವ ಪೂಜೆ ಮುಗಿಸಿ ಪಡಸಾಲೆಯಲ್ಲೇ ನಿಂತಿದ್ದಳು, ಹೊಸ್ತಿಲು ದಾಟಲಿಲ್ಲ. ದೊಡ್ಡ ಮನಸ್ಸು ಮಾಡಿದವನ ಧಾಟಿಯಲ್ಲಿ ನಾನೇ ಕರೆದೆ.

"ಬಾರಬೇ ಅವ್ವ, ಸಿಟ್ಟು ಸಾಕು. ಇನ್ನ ಐದು ವರ್ಷ ಚಿಂತಿ ಇಲ್ಲ. ನಂಬರ್ ಬಿಟ್ಟು ಬ್ಯಾರೆ ಕಡೆ ಎಲ್ಲಿ ಬೇಕಾದ್ರೂ ಹಚ್ಚು."

"ಗಾಡಿಗೆ ಯಾಕ ಹಚ್ಚಲೆಪಾ?" ಎಂದಳು.

"ಹದಿನೈದು ವರ್ಷ ಹಚ್ಚಿಯಲ್ಲ?"

"ಗಾಡಿಗೆ ಅಂತ ಯಾವಾಗ ಹಚ್ಚೇನಿ ನಾ? ಹೊಸಾ ಕೆಲಸ ಹತ್ತಿದ ದಿನ ನಿನ್ನ ಹಣಿಗೆ ಹಚ್ಚಾಕ ಬಂದೆ. ತಲಿಮ್ಯಾಲ ಆ ಟೊಪಗಿ ಹಾಕ್ಕೊಂಡು ಕುಂತಿದ್ದಿ. ತಗಿಯಪಾ ಅಂದ್ರ, 'ಹೊತ್ತಾತಬೇ, ಗಾಡಿಗೆ ಹಚ್ಚು, ಗಾಡಿಗೆ ಹಚ್ಚಿದ್ರ ನನಗ ಹಚ್ಚಿದಂಗ' ಅಂದಿ. ನೀನ ಅಂದಿ. ದಿನಾ ಹೊತ್ತಾಗಿರತೈತಿ ನಿನಗ. ಅದಕ್ಕ ಗಾಡಿಗೆ ಹಚ್ಚತಿದ್ದೆ."

ನನಗೆ ಹಾಗಂದದ್ದು ನೆನಪಿಲ್ಲ. ಆದರೆ ಅಂದಿರುತ್ತೇನೆ, ಅದು ನನ್ನದೇ ಮಾತು, ಇಂದಿಗೂ ದಿನಕ್ಕೆ ನಾಲ್ಕು ಕಡೆ ಹಾಗೇ ಅನ್ನುತ್ತೇನೆ. ಗಾಡಿಗೆ ಸ್ಟ್ಯಾಂಡ್ ಹಾಕಿದೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ತಲೆಯಿಂದ ತೆಗೆದೆ. ಅವ್ವ ಕುಳ್ಳಿ, ಅವಳ ಕೈ ಎಟುಕುವಂತೆ ಕಟ್ಟೆಯ ಮೇಲೆ ಕೂತೆ.

ಅವಳು ಒಳಗೆ ಹೋಗಿ ಬೆರಳು ನೆನೆಸಿಕೊಂಡು ಬಂದು ಹಣೆಯ ಮೇಲೆ ನಿಧಾನಕ್ಕೆ ಮೂರೆಳೆ ಎಳೆದಳು. ಆ ಬೆರಳುಗಳು ಇಷ್ಟು ನಡುಗುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಏಳಿನ್ನ, ಹೊತ್ತಾತು" ಎಂದಳು.

ನಾನು ಏಳಲಿಲ್ಲ.